ಕನ್ನಡ ಶಾಲೆಯಿಂದ ಆಯುರ್ವೇದ ಕಾಲೇಜಿಗೆ: ಹೊಸೂರು ಸೀಮೆಯ ಮಕ್ಕಳ ಮುಂದಿರುವ ಹಾದಿ

ಹತ್ತನೆಯ ತರಗತಿಯ ಫಲಿತಾಂಶ ಹೊರಬೀಳುವ ದಿನಗಳಲ್ಲಿ ಹೊಸೂರು, ಡೆಂಕಣಿಕೋಟೆ, ತಳಿ, ಶೂಲಗಿರಿ ಭಾಗದ ಕನ್ನಡ ಮಾಧ್ಯಮದ ಕುಟುಂಬಗಳಲ್ಲಿ ಮುಂದಿನ ಓದಿನ ಚರ್ಚೆ ಆರಂಭವಾಗುತ್ತದೆ. ವೈದ್ಯನಾಗಬೇಕು, ವೈದ್ಯೆಯಾಗಬೇಕು ಎಂಬ ಹಂಬಲವುಳ್ಳ ಮಕ್ಕಳೂ ಆ ಮನೆಗಳಲ್ಲಿ ಇದ್ದಾರೆ. ಆದರೆ ಕನ್ನಡದಲ್ಲಿ ಓದಿದವರಿಗೆ ಅದು ದಕ್ಕೀತೆ ಎಂಬ ಅನುಮಾನದಿಂದ ಎಷ್ಟೋ ಹೆತ್ತವರು ಹನ್ನೊಂದನೆಯ ತರಗತಿಯಲ್ಲಿ ಜೀವಶಾಸ್ತ್ರವನ್ನೇ ಕೈಬಿಡಿಸುತ್ತಾರೆ. ಆಯುರ್ವೇದ ಶಿಕ್ಷಣದ ಮಟ್ಟಿಗೆ ಈ ಅನುಮಾನಕ್ಕೆ ಆಧಾರ ಕಡಿಮೆ. ಹಾದಿ ತೆರೆದೇ ಇದೆ. ಅದರ ಕೆಲವು ತಿರುವುಗಳಲ್ಲಿ ಮಾತ್ರ ಸಕಾಲಕ್ಕೆ ತೀರ್ಮಾನವಾಗಬೇಕು. ಅಲ್ಲಿ ಎಡವಿದರೆ ಮಗುವಿನ ಅಂಕ ಎಷ್ಟೇ ಇದ್ದರೂ ಕೈಗೆಟಕಬಹುದಾಗಿದ್ದ ಸೀಟು ತಪ್ಪಿಹೋಗುತ್ತದೆ.

ಮನೆಮದ್ದು ಬಲ್ಲವರೆಲ್ಲ ವೈದ್ಯರಲ್ಲ

ಈ ಸೀಮೆಯಲ್ಲಿ ನಾಟಿ ಔಷಧದ ಬಳಕೆ ಇಂದಿಗೂ ಉಂಟು. ಕೆಮ್ಮಿಗೆ ಆಡುಸೋಗೆ, ಕಾಮಾಲೆಗೆ ನೆಲನೆಲ್ಲಿ, ಕೀಲುನೋವಿಗೆ ಲಕ್ಕಿಸೊಪ್ಪಿನ ಶಾಖ ಎಂಬುದನ್ನು ಹಿರಿಯರು ಬಾಯಿಮಾತಿನಲ್ಲೇ ಕಲಿಸಿಕೊಡುತ್ತಾರೆ. ಆ ತಿಳಿವಳಿಕೆ ಅಮೂಲ್ಯವಾದುದು. ಆದರೆ ವೈದ್ಯ ವೃತ್ತಿ ನಡೆಸುವ ಹಕ್ಕು ಅದರಿಂದ ದೊರೆಯುವುದಿಲ್ಲ. 1970ರ ಕೇಂದ್ರ ಕಾಯ್ದೆಯು ಭಾರತೀಯ ವೈದ್ಯ ಪದ್ಧತಿಗಳಿಗೆ ಮಾನ್ಯ ಪದವಿಯನ್ನೂ ನೋಂದಣಿಯನ್ನೂ ವಿಧಿಸಿತು. ಅದರ ಸ್ಥಾನದಲ್ಲಿ ಬಂದ 2020ರ ಭಾರತೀಯ ವೈದ್ಯ ಪದ್ಧತಿಯ ರಾಷ್ಟ್ರೀಯ ಆಯೋಗದ ಕಾಯ್ದೆ 2021ರ ಜೂನ್ ತಿಂಗಳಿನಿಂದ ಜಾರಿಯಲ್ಲಿದೆ. ಕೇರಳದ ಪಾರಂಪರಿಕ ವೈದ್ಯರ ಮೊಕದ್ದಮೆಯಲ್ಲಿ 2018ರ ಏಪ್ರಿಲ್‌ನಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವೂ ಮಾನ್ಯ ಅರ್ಹತೆ ಇಲ್ಲದವರು ವೈದ್ಯ ವೃತ್ತಿ ಮಾಡುವಂತಿಲ್ಲವೆಂದು ಹೇಳಿತು.

ಆರು ತಿಂಗಳಲ್ಲಿ, ಒಂದು ವರ್ಷದಲ್ಲಿ ಆಯುರ್ವೇದ ವೈದ್ಯರನ್ನಾಗಿಸುತ್ತೇವೆ ಎಂಬ ಜಾಹೀರಾತುಗಳನ್ನು ಕಂಡಾಗ ಹೆತ್ತವರು ಇದನ್ನು ನೆನಪಿಡಬೇಕು. ಅಂಥ ಪ್ರಮಾಣಪತ್ರ ಗೋಡೆಗೆ ಅಲಂಕಾರವಾದೀತೇ ಹೊರತು ನೋಂದಣಿಗೆ ಬಾರದು. ಮಾನ್ಯ ಪದವಿಯ ಹೆಸರು ಬಿಎಎಂಎಸ್. ಅದನ್ನು ಕಲಿಸುವ ಕಾಲೇಜಿಗೆ ಆಯಾ ವರ್ಷದ ಪ್ರವೇಶಕ್ಕೆ ರಾಷ್ಟ್ರೀಯ ಆಯೋಗದ ಅನುಮತಿ ಇರಬೇಕು. ಆಯೋಗ ಪ್ರಕಟಿಸುವ ಪಟ್ಟಿಯಲ್ಲಿ ಕಾಲೇಜಿನ ಹೆಸರನ್ನು ನೋಡಿದ ಬಳಿಕವೇ ಶುಲ್ಕ ಕಟ್ಟುವುದು ಕ್ಷೇಮ.

ಐದೂವರೆ ವರ್ಷದ ಓದು

ಬಿಎಎಂಎಸ್ ಪದವಿಯ ವ್ಯಾಸಂಗ ನಾಲ್ಕೂವರೆ ವರ್ಷ. ಅದನ್ನು ತಲಾ 18 ತಿಂಗಳ ಮೂರು ಹಂತಗಳಾಗಿ ವಿಂಗಡಿಸಲಾಗಿದೆ. ಅನಂತರ ಒಂದು ವರ್ಷ ಆಸ್ಪತ್ರೆಯಲ್ಲಿ ಕಡ್ಡಾಯ ತರಬೇತಿ. ಮೊದಲ ಹಂತದಲ್ಲಿ ಸಂಸ್ಕೃತ, ಆಯುರ್ವೇದದ ಇತಿಹಾಸ, ಪದಾರ್ಥ ವಿಜ್ಞಾನ, ಶರೀರದ ರಚನೆ, ಶರೀರದ ಕ್ರಿಯೆ ಎಂಬ ವಿಷಯಗಳಿವೆ. ಮಾನವ ದೇಹದ ಛೇದನವನ್ನು ಆಯುರ್ವೇದ ವಿದ್ಯಾರ್ಥಿಗಳೂ ಮಾಡುತ್ತಾರೆ. ಎರಡನೆಯ ಹಂತದಲ್ಲಿ ಸಸ್ಯಗಳ ಗುಣವನ್ನು ತಿಳಿಸುವ ದ್ರವ್ಯಗುಣ, ಔಷಧ ತಯಾರಿಕೆ, ರೋಗನಿದಾನ, ವಿಷಚಿಕಿತ್ಸೆಗೆ ಸಂಬಂಧಿಸಿದ ಅಗದತಂತ್ರ, ಆರೋಗ್ಯ ರಕ್ಷಣೆಯ ಸ್ವಸ್ಥವೃತ್ತ ಬರುತ್ತವೆ. ಕಾಯಚಿಕಿತ್ಸೆ, ಪಂಚಕರ್ಮ, ಶಲ್ಯ, ಶಾಲಾಕ್ಯ, ಪ್ರಸೂತಿ, ಮಕ್ಕಳ ಚಿಕಿತ್ಸೆ ಕೊನೆಯ ಹಂತದ ವಿಷಯಗಳು. ಚರಕ, ವಾಗ್ಭಟರ ಸಂಹಿತೆಗಳ ಅಧ್ಯಯನ ಇವುಗಳ ಜೊತೆಜೊತೆಗೆ ನಡೆಯುತ್ತದೆ.

ಇಷ್ಟು ದೀರ್ಘ ಓದು ಏಕೆ ಬೇಕೆಂಬುದಕ್ಕೆ ಎರಡು ಗಿಡಗಳನ್ನು ನೋಡಿದರೆ ಸಾಕು. ಕನ್ನಡಿಗರ ಎಷ್ಟೋ ಮನೆಗಳಲ್ಲಿ ಒಂದೆಲಗವನ್ನೇ ಬ್ರಾಹ್ಮಿ ಎನ್ನುತ್ತಾರೆ. ಆಯುರ್ವೇದದ ಪಠ್ಯ ಅದನ್ನು ಮಂಡೂಕಪರ್ಣಿ ಎಂದು ಗುರುತಿಸುತ್ತದೆ. ಪಠ್ಯದ ಬ್ರಾಹ್ಮಿ ನೀರಿನಂಚಿನಲ್ಲಿ ಹಬ್ಬುವ ನೀರುಬ್ರಾಹ್ಮಿ. ಹೆಸರು ಒಂದಾದರೂ ಗಿಡಗಳು ಬೇರೆ. ಇನ್ನೊಂದು ಭಲ್ಲಾತಕ, ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕಾಯಿ. ಅದರ ಎಣ್ಣೆ ಚರ್ಮಕ್ಕೆ ತಗುಲಿದರೆ ಬೊಬ್ಬೆ ಏಳುತ್ತದೆ. ಇಟ್ಟಿಗೆಯ ಪುಡಿಯಲ್ಲಿ ಉಜ್ಜಿ ಆ ಎಣ್ಣೆಯನ್ನು ಹೀರಿಸಿ ಶುದ್ಧಿ ಮಾಡಿದ ಮೇಲಷ್ಟೇ ಅದು ಔಷಧಕ್ಕೆ ಯೋಗ್ಯವಾಗುತ್ತದೆ. ಯಾವುದನ್ನು ಕೊಡಬೇಕು, ಯಾರಿಗೆ ಕೊಡಬಾರದು, ಯಾವ ರೋಗಿಯನ್ನು ತಡಮಾಡದೆ ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕು ಎಂಬ ವಿವೇಕ ಗುರುವಿನ ಎದುರಿನ ಅಭ್ಯಾಸದಿಂದ ಬರುತ್ತದೆ.

ನೀಟ್ ಪರೀಕ್ಷೆ: ಭಾಷೆ ಮತ್ತು ಕೇಂದ್ರ

ಬಿಎಎಂಎಸ್ ಪ್ರವೇಶಕ್ಕೂ ನೀಟ್ ಪರೀಕ್ಷೆ ಕಡ್ಡಾಯ. ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಪ್ರಶ್ನೆಗಳು 180, ಅಂಕಗಳು 720. ಅದರಲ್ಲಿ ಅರ್ಧಭಾಗ ಜೀವಶಾಸ್ತ್ರದ್ದೇ. ಶ್ರದ್ಧೆಯಿಂದ ಓದುವ ಗ್ರಾಮೀಣ ವಿದ್ಯಾರ್ಥಿಗೆ ಇದು ಅನುಕೂಲಕರ.

ನೀಟ್ ನಡೆಯುವ 13 ಭಾಷೆಗಳಲ್ಲಿ ಕನ್ನಡವೂ ಒಂದು ಎಂಬುದು ಬಹುಮಂದಿಗೆ ಗೊತ್ತು. ಕನ್ನಡ ಪ್ರಶ್ನೆಪತ್ರಿಕೆ ದೊರೆಯುವುದು ಕರ್ನಾಟಕದ ಪರೀಕ್ಷಾ ಕೇಂದ್ರಗಳಲ್ಲಿ ಎಂಬುದು ಅಷ್ಟಾಗಿ ತಿಳಿದಿಲ್ಲ. ತಮಿಳುನಾಡಿನ ಕೇಂದ್ರದಲ್ಲಿ ಬರೆಯುವವರಿಗೆ ತಮಿಳು ಅಥವಾ ಇಂಗ್ಲಿಷ್ ಪತ್ರಿಕೆ ಸಿಗುತ್ತದೆ. ಹೊಸೂರಿನಿಂದ ಬೆಂಗಳೂರು ಸುಮಾರು 40 ಕಿಲೋಮೀಟರ್ ಆದುದರಿಂದ ದೂರ ದೊಡ್ಡ ತೊಡಕಲ್ಲ. ಆದರೆ ಅರ್ಜಿ ತುಂಬುವಾಗಲೇ ಭಾಷೆಯನ್ನೂ ನಗರವನ್ನೂ ಕೂಡಿಸಿ ಯೋಚಿಸಬೇಕು. ಕೇಂದ್ರದ ಆಯ್ಕೆಗೆ ಆ ವರ್ಷ ಯಾವ ನಿಯಮವಿದೆ ಎಂಬುದನ್ನು ಮಾಹಿತಿ ಪುಸ್ತಿಕೆಯಲ್ಲಿ ಓದಿಕೊಳ್ಳಬೇಕು. ಕನ್ನಡ ಪತ್ರಿಕೆಯಲ್ಲಿ ಇಂಗ್ಲಿಷ್ ಪಾಠವೂ ಜೊತೆಗಿರುತ್ತದೆ. ಅನುವಾದದಲ್ಲಿ ಸಂದೇಹ ಬಂದರೆ ಇಂಗ್ಲಿಷ್ ಪಾಠವೇ ಅಂತಿಮ. ಹಾಗಾಗಿ ಕನ್ನಡದಲ್ಲಿ ಬರೆಯುವವರಿಗೂ ಇಂಗ್ಲಿಷಿನ ಪಾರಿಭಾಷಿಕ ಪದಗಳ ಪರಿಚಯ ಬೇಕು.

ಸೀಟು ಎಲ್ಲಿ, ಯಾವ ವರ್ಗದಲ್ಲಿ?

ತಮಿಳುನಾಡಿನ ಸರ್ಕಾರಿ ಆಯುರ್ವೇದ ಕಾಲೇಜು ಇರುವುದು ರಾಜ್ಯದ ದಕ್ಷಿಣ ತುದಿಯಲ್ಲಿ, ನಾಗರಕೋವಿಲಿನ ಕೋಟಾರಿನಲ್ಲಿ. ಖಾಸಗಿ ಕಾಲೇಜುಗಳೂ ಇವೆ. ರಾಜ್ಯದ ಸೀಟುಗಳ ಹಂಚಿಕೆಯನ್ನು ಚೆನ್ನೈನಲ್ಲಿರುವ ಭಾರತೀಯ ವೈದ್ಯ ಮತ್ತು ಹೋಮಿಯೋಪಥಿ ನಿರ್ದೇಶನಾಲಯದ ಮೂಲಕ ಮಾಡಲಾಗುತ್ತದೆ. ತಮಿಳುನಾಡು 2020ರಲ್ಲಿ ತಂದ ಕಾಯ್ದೆಯಂತೆ ಸರ್ಕಾರಿ ಶಾಲೆಗಳಲ್ಲಿ ಓದಿದವರಿಗೆ ವೈದ್ಯಕೀಯ ಸೀಟುಗಳಲ್ಲಿ ಶೇಕಡಾ 7.5ರಷ್ಟು ಆದ್ಯತೆ ಇದೆ. ಅದು ಭಾರತೀಯ ವೈದ್ಯ ಪದ್ಧತಿಯ ಪದವಿಗಳಿಗೂ ಅನ್ವಯಿಸುತ್ತದೆ. ಆರನೆಯ ತರಗತಿಯಿಂದ ಹನ್ನೆರಡರವರೆಗೆ ಸರ್ಕಾರಿ ಶಾಲೆಯಲ್ಲಿ ಓದಿರಬೇಕೆಂಬುದು ಅದರ ಮುಖ್ಯ ಷರತ್ತು.

ಗಡಿಭಾಗದ ಕುಟುಂಬಗಳು ಎಡವುವುದು ಇಲ್ಲೇ. ಹತ್ತನೆಯ ತರಗತಿಯವರೆಗೆ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದ ಮಗುವನ್ನು, ಒಳ್ಳೆಯದಾಗಲೆಂದೇ, ಖಾಸಗಿ ಶಾಲೆಗೋ ಆನೇಕಲ್, ಬೆಂಗಳೂರಿನ ಪಿಯು ಕಾಲೇಜಿಗೋ ಸೇರಿಸುವುದುಂಟು. ಆ ಒಂದು ಬದಲಾವಣೆಯಿಂದ ಶೇಕಡಾ 7.5ರ ಆದ್ಯತೆ ಕೈತಪ್ಪುತ್ತದೆ. ಕರ್ನಾಟಕದ ಸಾಮಾನ್ಯ ನಿಯಮ ಆ ರಾಜ್ಯದಲ್ಲಿ ಏಳು ವರ್ಷಗಳ ವ್ಯಾಸಂಗ ಕೇಳುವುದರಿಂದ ಎರಡು ವರ್ಷದ ಪಿಯು ಓದು ಅಲ್ಲಿಯೂ ಸಾಲದಾಗುತ್ತದೆ. ಕರ್ನಾಟಕದ ಪರೀಕ್ಷಾ ಪ್ರಾಧಿಕಾರದ ನಿಯಮಗಳಲ್ಲಿ ಗಡಿನಾಡು ಕನ್ನಡಿಗ, ಹೊರನಾಡು ಕನ್ನಡಿಗ ಎಂಬ ವರ್ಗಗಳಿವೆ. ಆದರೆ ಗಡಿನಾಡು ವರ್ಗವು ಸೊಲ್ಲಾಪುರ, ಕಾಸರಗೋಡು ಕಡೆಯ, ಹೆಸರಿಸಿದ ಕೆಲವು ತಾಲ್ಲೂಕುಗಳನ್ನು ಉದ್ದೇಶಿಸಿ ರೂಪಿಸಿದ್ದು. ಗಡಿಯಲ್ಲಿದ್ದೇವೆ ಎಂಬ ನಂಬಿಕೆಯಿಂದಲೇ ಹೊಸೂರಿನವರು ಅದನ್ನು ನೆಚ್ಚಿ ಕೂರಬಾರದು; ಆ ವರ್ಷದ ಕೈಪಿಡಿಯಲ್ಲಿ ತಾಲ್ಲೂಕಿನ ಹೆಸರನ್ನು ಹುಡುಕಿ ನೋಡಬೇಕು.

ಕರ್ನಾಟಕದ ಕಾಲೇಜಿನಲ್ಲೇ ಓದುವ ಆಸೆಯುಳ್ಳವರಿಗೆ ಮತ್ತೊಂದು ಬಾಗಿಲಿದೆ. ಸರ್ಕಾರಿ ಕಾಲೇಜುಗಳ ಶೇಕಡಾ 15ರಷ್ಟು ಸೀಟುಗಳು ಅಖಿಲ ಭಾರತ ಕೋಟಾದಲ್ಲಿ, ಆಯುಷ್ ಕೇಂದ್ರ ಕೌನ್ಸೆಲಿಂಗ್ ಸಮಿತಿಯ ಮೂಲಕ ಹಂಚಿಕೆಯಾಗುತ್ತವೆ. ಇದಕ್ಕೆ ವಾಸಸ್ಥಳದ ನಿರ್ಬಂಧವಿಲ್ಲ. 1908ರಲ್ಲಿ ಆರಂಭವಾದ ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜಿನ ಸೀಟಿಗೂ ಹೊಸೂರಿನ ವಿದ್ಯಾರ್ಥಿ ಈ ದಾರಿಯಿಂದ ಸ್ಪರ್ಧಿಸಬಹುದು.

ಕನ್ನಡ ಕೊಡುವ ಬಲ

ಕಾಲೇಜಿಗೆ ಸೇರಿದ ಮೇಲೆ ಪಾಠ ಬಹುಪಾಲು ಇಂಗ್ಲಿಷಿನಲ್ಲಿ ನಡೆಯುತ್ತದೆ. ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಮೊದಲ ಕೆಲವು ತಿಂಗಳು ಕಷ್ಟವೆನಿಸುವುದು ಸಹಜ. ಆದರೆ ಮೂಲಗ್ರಂಥಗಳ ವಿಷಯದಲ್ಲಿ ಅದೇ ವಿದ್ಯಾರ್ಥಿಗೆ ಮನೆಯ ಭಾಷೆ ನೆರವಾಗುತ್ತದೆ. ವಾತ, ಪಿತ್ತ, ಕಫ, ಜ್ವರ, ಅಜೀರ್ಣ, ಪಥ್ಯ, ಕಷಾಯ, ಚೂರ್ಣ, ಲೇಹ್ಯ ಎಂಬ ಪದಗಳು ಆ ಮಗುವಿಗೆ ಹೊಸವಲ್ಲ. ಗುಡೂಚಿ ಎಂದರೆ ಅಮೃತಬಳ್ಳಿ, ಹರೀತಕಿ ಎಂದರೆ ಅಳಲೆ, ನಿರ್ಗುಂಡಿ ಎಂದರೆ ಲಕ್ಕಿ ಎಂದು ತಿಳಿದೊಡನೆ ಕಂಡ ಗಿಡವೇ ಕಣ್ಣಮುಂದೆ ನಿಲ್ಲುತ್ತದೆ. ಅದೇ ಲಕ್ಕಿಯನ್ನು ತಮಿಳಿನಲ್ಲಿ ನೊಚ್ಚಿ ಎನ್ನುವರೆಂದೂ ಹೊಸೂರಿನ ಮಗುವಿಗೆ ಗೊತ್ತಿರುತ್ತದೆ. ಕನ್ನಡ, ತಮಿಳು, ತೆಲುಗು ಮೂರನ್ನೂ ಆಡಬಲ್ಲವರಿಗೆ ರೋಗಿಯ ನೋವನ್ನು ಅವನದೇ ಮಾತಿನಲ್ಲಿ ಕೇಳಿ ತಿಳಿಯುವುದು ಸುಲಭ.

ಕನ್ನಡದಲ್ಲಿ ವೈದ್ಯಶಾಸ್ತ್ರ ಬರೆಯುವ ಪರಂಪರೆಯೂ ಹಳೆಯದು. 12ನೆಯ ಶತಮಾನದಲ್ಲಿ ಕೀರ್ತಿವರ್ಮ ಹಸುಗಳ ಚಿಕಿತ್ಸೆಯನ್ನು ಕುರಿತು ‘ಗೋವೈದ್ಯ’ ಬರೆದನು. ಅದೇ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು ಕನ್ನಡಕ್ಕೆ ತಂದನು. 14ನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ವಿಷವೈದ್ಯಕ್ಕೆ ಮೀಸಲಾದ ಗ್ರಂಥ. ಇಂದಿನ ಅಗದತಂತ್ರದ ವಿದ್ಯಾರ್ಥಿ ಓದುವ ವಿಷಯವನ್ನೇ ಅವನು ಕನ್ನಡದಲ್ಲಿ ವಿವರಿಸಿದ್ದನು.

ಪದವಿಯ ಬಳಿಕ

ಉದ್ಯೋಗದ ವಿಷಯದಲ್ಲಿ ಭ್ರಮೆ ಇರಬಾರದು. ತಮಿಳುನಾಡಿನ ಸರ್ಕಾರಿ ವ್ಯವಸ್ಥೆಯಲ್ಲಿ ಸಿದ್ಧ ವೈದ್ಯಕ್ಕೆ ಹಿರಿಯ ಸ್ಥಾನವಿದೆ. ಆಯುರ್ವೇದದ ಹುದ್ದೆಗಳು ಅದಕ್ಕಿಂತ ಕಡಿಮೆ. ತಮಿಳನ್ನು ಚೆನ್ನಾಗಿ ಓದಬಲ್ಲ ಮಕ್ಕಳು ಸಿದ್ಧ ವೈದ್ಯದ ಬಿಎಸ್‌ಎಂಎಸ್ ಪದವಿಯನ್ನೂ ಪರಿಶೀಲಿಸಬಹುದು. ಅದಕ್ಕೂ ನೀಟ್ ಅಂಕವೇ ಆಧಾರ. ಆಯುರ್ವೇದ ಪದವೀಧರರಿಗೆ ಸ್ವಂತ ಚಿಕಿತ್ಸಾಲಯ, ಬೆಂಗಳೂರಿನ ಆಯುರ್ವೇದ ಆಸ್ಪತ್ರೆಗಳು, ಔಷಧ ತಯಾರಿಕೆ, ಬೋಧನೆ, ಸ್ನಾತಕೋತ್ತರ ವ್ಯಾಸಂಗ ಎಂಬ ದಾರಿಗಳಿವೆ. ನೆಲೆಯೂರಲು ಪದವಿಯ ನಂತರವೂ ಕೆಲವು ವರ್ಷ ತಾಳ್ಮೆ ಬೇಕು. ಮನೆಯ ಆರ್ಥಿಕ ಸ್ಥಿತಿಯನ್ನು ಮುಂಚೆಯೇ ಅಳೆದು ನೋಡುವುದು ವಿವೇಕ.

ಈಗ ಎಂಟು, ಒಂಬತ್ತನೆಯ ತರಗತಿಯಲ್ಲಿರುವ ಮಕ್ಕಳು ವಿಜ್ಞಾನದ ಪ್ರತಿ ಪಾಠದ ಕೊನೆಯಲ್ಲಿ ಕನ್ನಡ ಪದಗಳ ಎದುರು ಇಂಗ್ಲಿಷ್ ಪದಗಳನ್ನು ಬರೆದುಕೊಳ್ಳುವ ರೂಢಿ ಮಾಡಿಕೊಳ್ಳಲಿ. ಹತ್ತನೆಯ ತರಗತಿ ಮುಗಿಸುವವರು ಶಾಲೆ ಬದಲಿಸುವ ಮೊದಲು 7.5ರ ನಿಯಮವನ್ನು ಮುಖ್ಯೋಪಾಧ್ಯಾಯರೊಂದಿಗೆ ಚರ್ಚಿಸಲಿ. ಹನ್ನೆರಡರಲ್ಲಿರುವವರ ಹೆತ್ತವರು ಆರನೆಯ ತರಗತಿಯಿಂದ ಮಗು ಓದಿದ ಪ್ರತಿಯೊಂದು ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರವನ್ನೂ, ತಹಸೀಲ್ದಾರರ ಕಚೇರಿಯಿಂದ ಜಾತಿ ಮತ್ತು ವಾಸಸ್ಥಳದ ಪ್ರಮಾಣಪತ್ರಗಳನ್ನೂ ಫಲಿತಾಂಶಕ್ಕೆ ಕಾಯದೆ ಈಗಲೇ ಪಡೆದಿಟ್ಟುಕೊಳ್ಳುವುದು ಒಳ್ಳೆಯದು.