ಕೊಬ್ಬಿನ ಗಸಿ ಮತ್ತು ಪರೇಲಿನ ಪಾಠ

2001ರ ಆಗಸ್ಟ್ 27ರಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಒಂದು ಪಟ್ಟಿ ಹೊರಡಿಸಿತು. ಸರ್ಕಾರಿ ಹಣದಲ್ಲಿ ಸಂಶೋಧನೆ ನಡೆಸಲು ಅಧ್ಯಕ್ಷ ಬುಷ್ ಒಪ್ಪಿಗೆ ಕೊಟ್ಟ ಭ್ರೂಣದ ಸ್ಟೆಮ್ ಸೆಲ್ ಸಂತತಿಗಳು ಜಗತ್ತಿನ ಯಾವ ಯಾವ ಪ್ರಯೋಗಾಲಯದಲ್ಲಿವೆ ಎಂಬ ಲೆಕ್ಕ ಅದು. ಒಟ್ಟು 64. ಅದರಲ್ಲಿ ಏಳು ಮುಂಬೈಯ ರಿಲಯನ್ಸ್ ಲೈಫ್ ಸೈನ್ಸಸ್‌ನಲ್ಲಿ, ಮೂರು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ! ಭಾರತ ಒಂದೇ ದಿನದಲ್ಲಿ ಹೊಸ ವಿಜ್ಞಾನದ ಭೂಪಟ ಸೇರಿತು. ಮುಂದೆ ಹೊರಗಿನ ಸಂಶೋಧಕರ ಕೈಗೆ ನಿಜವಾಗಿ ಸಿಕ್ಕಿದ್ದು ಇಪ್ಪತ್ತು ಚಿಲ್ಲರೆ ಸಂತತಿಗಳು ಮಾತ್ರ. ಅವುಗಳಲ್ಲಿ ಮುಂಬೈಯದೂ ಇರಲಿಲ್ಲ, ಬೆಂಗಳೂರಿನದೂ ಇರಲಿಲ್ಲ.

ಆ ಗದ್ದಲದಲ್ಲಿ ಅದೇ ವರ್ಷದ ಇನ್ನೊಂದು ಸುದ್ದಿ ನಮ್ಮ ಕಿವಿಗೆ ಬೀಳಲೇ ಇಲ್ಲ. ಲಾಸ್ ಏಂಜಲೀಸ್‌ನಲ್ಲಿ ಪೆಟ್ರೀಷಿಯಾ ಝುಕ್ ಮತ್ತು ಸಂಗಡಿಗರು ಮನುಷ್ಯರ ಹೊಟ್ಟೆ, ತೊಡೆಗಳಿಂದ ಹೀರಿ ತೆಗೆದ ಕೊಬ್ಬಿನಲ್ಲೇ ಸ್ಟೆಮ್ ಸೆಲ್ ಕಂಡಿದ್ದರು. ಭ್ರೂಣ ಬೇಡ, ಧರ್ಮಸಂಕಟವೂ ಬೇಡ. ಯಾರೂ ವಾಪಸು ಕೇಳದ ಕಸವೇ ಸಾಕು.

ಈ ಕಸಕ್ಕೊಂದು ಪೂರ್ವಕಥೆಯಿದೆ. 1964ರಲ್ಲಿ ಮಾರ್ಟಿನ್ ರಾಡ್‌ಬೆಲ್ ಎಂಬ ವಿಜ್ಞಾನಿ ಇಲಿಯ ಕೊಬ್ಬನ್ನು ಕಿಣ್ವದಲ್ಲಿ ಬಿಡಿಸಿ ಗಿರಗಿರನೆ ತಿರುಗಿಸಿದರು. ಮೊಸರು ಕಡೆದಾಗ ಬೆಣ್ಣೆ ಮೇಲೇಳುವಂತೆ ಕೊಬ್ಬುಕೋಶಗಳು ತೇಲಿದವು, ಮಿಕ್ಕಿದ್ದು ಗಸಿಯಾಗಿ ತಳ ಸೇರಿತು. ಅವರಿಗೆ ಬೇಕಿದ್ದದ್ದು ತೇಲಿದ್ದು. ಹಾರ್ಮೋನಿನ ಸಂದೇಶ ಜೀವಕೋಶದೊಳಕ್ಕೆ ಹೇಗೆ ದಾಟುತ್ತದೆಂಬ ಹುಡುಕಾಟ ಅವರನ್ನು 1994ರ ನೊಬೆಲ್‌ವರೆಗೆ ಒಯ್ದಿತು. ಎಪ್ಪತ್ತರ ದಶಕದ ಕೊನೆಗೆ ಪ್ಯಾರಿಸ್ಸಿನ ಇಲ್ಲೂಝ್ ಲೈಪೊಸಕ್ಷನ್ ಬಳಕೆಗೆ ತಂದ ಮೇಲೆ ಲೀಟರುಗಟ್ಟಲೆ ಕೊಬ್ಬು ತೊಟ್ಟಿ ಸೇರತೊಡಗಿತು. ಝುಕ್ ತಂಡ ನೋಡಿದ್ದು ರಾಡ್‌ಬೆಲ್ ತಳದಲ್ಲಿ ಬಿಟ್ಟ ಗಸಿಯನ್ನು. ಅದರಲ್ಲಿದ್ದ ಕೋಶಗಳಿಗೆ ಮೂಳೆ, ಮೃದ್ವಸ್ಥಿ, ಸ್ನಾಯುಗಳ ಗುಣ ತಳೆಯುವ ಶಕ್ತಿಯಿತ್ತು. ಉರಿಯೂತ ತಗ್ಗಿಸುವ, ಹೊಸ ರಕ್ತನಾಳ ಚಿಗುರಿಸುವ ರಾಸಾಯನಿಕಗಳನ್ನೂ ಅವು ಸ್ರವಿಸುತ್ತವೆಂಬುದು ಆಮೇಲೆ ತಿಳಿಯಿತು.

ಸ್ಕ್ಲೆರೋಡರ್ಮಾ ವೈದ್ಯರ ಕಣ್ಣು ಈ ಗಸಿಯ ಮೇಲೆ ಬಿದ್ದದ್ದು ಆಗ. ದೇಹದ ಕಾವಲು ಪಡೆ ತನ್ನ ಮೇಲೇ ತಿರುಗಿಬಿದ್ದು, ಚರ್ಮಕ್ಕೂ ಒಳಾಂಗಗಳಿಗೂ ಆಧಾರವಾದ ಸಂಯೋಜಕ ಅಂಗಾಂಶ ಗಡುಸಾಗುವ ಕಾಯಿಲೆ ಇದು. ಹೆಂಗಸರಲ್ಲೇ ಹೆಚ್ಚು. ಚಳಿಯೇ ಇಲ್ಲದ ಮುಂಬೈಯಲ್ಲೂ ಏಸಿ ಲೋಕಲ್ ರೈಲಿನ ಗಾಳಿ ತಾಗಿದರೆ ಸಾಕು, ಬೆರಳು ಬಿಳಿಚಿ ನೀಲಿಗಟ್ಟುತ್ತದೆ. ಬೆರಳ ತುದಿಯಲ್ಲಿ ಹುಣ್ಣು, ಮಡಚಲಾಗದ ಕೈ. ಬಾಯಿ ಅಗಲಿಸಲಾಗದೆ ವಡಾಪಾವ್ ಕಚ್ಚುವುದೂ ಕಷ್ಟ. ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಸಂಚಕಾರ.

ಫ್ರಾನ್ಸಿನ ಮಾರ್ಸೇ ನಗರದಲ್ಲಿ ಬ್ರಿಜಿತ್ ಗ್ರಾನೆಲ್ ತಂಡ 12 ಮಹಿಳೆಯರಿಗೆ ಅವರದೇ ಕೊಬ್ಬಿನ ಗಸಿಯನ್ನು ಬೆರಳುಗಳಿಗೆ ಚುಚ್ಚಿತು. ನೋವು ತಗ್ಗಿತು, ಕೈ ಆಡಿತು. 2015ರ ಈ ವರದಿ ಎಲ್ಲೆಡೆ ಆಸೆ ಹುಟ್ಟಿಸಿತು. ಆದರೆ ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ. ಆಮೇಲೆ 40 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಗಸಿ, ಇನ್ನೊಂದಕ್ಕೆ ಬರೀ ಹುಸಿಮದ್ದು ಕೊಟ್ಟರು. ಮೂರು ತಿಂಗಳಿಗೆ ಎರಡೂ ಗುಂಪು ಸುಧಾರಿಸಿದವು, ಹೆಚ್ಚುಕಡಿಮೆ ಒಂದೇ ಸಮ! ಅಮೆರಿಕದಲ್ಲಿ 88 ಮಂದಿಯ ಮೇಲೆ ನಡೆದ ಪ್ರಯೋಗವೂ ತನ್ನ ಮುಖ್ಯ ಗುರಿ ಮುಟ್ಟಲಿಲ್ಲ.

ಪುರಾವೆಯ ಮಾತು ಬಂದಾಗ ನನಗೆ ಮುಂಬೈಯ ಪರೇಲ್ ನೆನಪಾಗುತ್ತದೆ. 1983ರ ಮಾರ್ಚ್. ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಷ್ಕರದಿಂದ ಅಲ್ಲಿಯ ಬಟ್ಟೆ ಗಿರಣಿಗಳ ಪ್ರದೇಶ ಗಿರಣಗಾಂವ್ ಸ್ತಬ್ಧವಾಗಿದ್ದ ದಿನಗಳು. ಅಲ್ಲಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಡಾ. ಸುರೇಶ್ ಅಡ್ವಾಣಿ, ರಕ್ತದ ಕ್ಯಾನ್ಸರಿನ ಒಂಬತ್ತು ವರ್ಷದ ಹುಡುಗಿಗೆ ಅವಳ ಅಣ್ಣತಮ್ಮಂದಿರಲ್ಲೊಬ್ಬನ ಅಸ್ಥಿಮಜ್ಜೆ ಕಸಿ ಮಾಡಿದರು. ದೇಶದಲ್ಲಿ ಯಶಸ್ವಿಯಾದ ಮೊದಲ ಅಸ್ಥಿಮಜ್ಜೆ ಕಸಿ ಅದು. ಸ್ಟೆಮ್ ಸೆಲ್ ಚಿಕಿತ್ಸೆ ಎಂದರೂ ಅದೇ. ಬಾಲ್ಯದಲ್ಲೇ ಪೋಲಿಯೊ ತಗುಲಿ ಗಾಲಿಕುರ್ಚಿಗೆ ಬಂದ ಅಡ್ವಾಣಿಯವರಿಗೆ ಗ್ರಾಂಟ್ ಮೆಡಿಕಲ್ ಕಾಲೇಜು ಮೊದಲು ಸೀಟೇ ಕೊಟ್ಟಿರಲಿಲ್ಲ. ಪಟ್ಟುಬಿಡದೆ ಓದಿ, ಸಿಯಾಟಲ್‌ಗೆ ಹೋಗಿ ಮಜ್ಜೆ ಕಸಿಯ ಪಿತಾಮಹ ಡಾನಲ್ ಥಾಮಸ್ ಅವರಲ್ಲಿ ವಿದ್ಯೆ ಕಲಿತು ಬಂದವರು ಅವರು. ಅಲ್ಲಿ ಜಾಹೀರಾತು ಇರಲಿಲ್ಲ, ಅಡ್ಡದಾರಿಯೂ ಇರಲಿಲ್ಲ.

ತೀವ್ರ ಸ್ಕ್ಲೆರೋಡರ್ಮಾಕ್ಕೆ ಇವತ್ತು ಗಟ್ಟಿ ಪುರಾವೆಯಿರುವ ಸ್ಟೆಮ್ ಸೆಲ್ ಚಿಕಿತ್ಸೆ ಇದೇ ಮಜ್ಜೆ ಕಸಿಯ ವಂಶದ್ದು: ರೋಗಿಯದೇ ರಕ್ತದ ಸ್ಟೆಮ್ ಸೆಲ್ ತೆಗೆದಿಟ್ಟು, ಹದಗೆಟ್ಟ ಕಾವಲು ಪಡೆಯನ್ನು ಔಷಧಿಯಿಂದ ಅಳಿಸಿ, ಮತ್ತೆ ತುಂಬುವುದು. 2014ರಲ್ಲಿ ಪ್ರಕಟವಾದ ಯುರೋಪಿನ 156 ರೋಗಿಗಳ ಪ್ರಯೋಗ ಇದರ ಬೆಲೆಯನ್ನೂ ಮುಚ್ಚಿಡಲಿಲ್ಲ. ಕಸಿಯ ಗುಂಪಿನ 79 ಮಂದಿಯಲ್ಲಿ ಎಂಟು ಮಂದಿ ಚಿಕಿತ್ಸೆಯಿಂದಲೇ ತೀರಿಕೊಂಡರು. ವರ್ಷಗಳು ಕಳೆದಂತೆ ಮಾತ್ರ ಕಸಿಯಾದವರೇ ಹೆಚ್ಚು ಬದುಕಿ ಉಳಿದರು.

ಕೊಬ್ಬಿನ ಗಸಿ ಹಿಡಿದದ್ದು ಬೇರೆ ದಾರಿ. ಪುರಾವೆ ಬರುವ ಮೊದಲೇ ಅದು ಪೇಟೆಗೆ ಬಂತು. ಫ್ಲಾರಿಡಾದಲ್ಲಿ ಇಂಥ ಗಸಿಯನ್ನು ಕಣ್ಣಿಗೆ ಚುಚ್ಚಿಸಿಕೊಂಡ ಮೂವರು ಮಹಿಳೆಯರು ದೃಷ್ಟಿ ಕಳೆದುಕೊಂಡ ವಿಷಯ 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅದೇ ವರ್ಷದ ಮಾರ್ಗಸೂಚಿ ಸ್ಪಷ್ಟವಾಗಿದೆ: ಒಪ್ಪಿತ ಕಾಯಿಲೆಗಳಲ್ಲಿ ರೂಢಿಯಲ್ಲಿರುವ ರಕ್ತದ ಸ್ಟೆಮ್ ಸೆಲ್ ಕಸಿ ಬಿಟ್ಟರೆ ಉಳಿದದ್ದೆಲ್ಲ ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ. ಆ ದಾರಿಯಲ್ಲಿ ನಡೆದವರೂ ಇದ್ದಾರೆ. ಬೆರಳು ಕೊಳೆಯಿಸುವ ಬರ್ಗರ್ಸ್ ಕಾಯಿಲೆಗೆ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್, ಮುಂಬೈಯ ಸಿಪ್ಲಾ ಜೊತೆಗೂಡಿ, ದಾನಿಗಳ ಅಸ್ಥಿಮಜ್ಜೆಯಿಂದ ತಯಾರಿಸಿದ ಔಷಧಿ ಪ್ರಯೋಗಗಳನ್ನು ದಾಟಿ 2016ರಲ್ಲಿ ಸೀಮಿತ ಪರವಾನಗಿ ಪಡೆಯಿತು.

ಕೊಬ್ಬಿನ ಗಸಿಯಿಂದ ನಾಳೆ ಒಳಿತಾಗಬಹುದು. ಇವತ್ತಿಗೆ ಅದು ಸ್ಕ್ಲೆರೋಡರ್ಮಾದ ಔಷಧಿಯಲ್ಲ, ಇನ್ನೂ ಉತ್ತರ ಸಿಗದ ಪ್ರಶ್ನೆ. ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದರೆ ಮೊದಲು ಸಂಧಿವಾತ ತಜ್ಞರನ್ನು ಕಾಣಿ. ಕೊಬ್ಬಿನ ಸ್ಟೆಮ್ ಸೆಲ್ ಕೊಡುತ್ತೇವೆಂದು ಯಾರಾದರೂ ಕರೆದರೆ ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯ ನೋಂದಣಿ ಸಂಖ್ಯೆ ಕೇಳಿ. ಸಂಖ್ಯೆ ಕೊಡದೆ ಲಕ್ಷಗಳ ಬಿಲ್ ಮುಂದಿಟ್ಟರೆ ಎದ್ದು ಬನ್ನಿ.