ಮಿದುಳಿನ ರಕ್ತನಾಳದ ಗಡ್ಡೆ: ಹೆದರಿಕೆ ಬೇಡ, ಅಲಕ್ಷ್ಯವೂ ಬೇಡ

ಕಮರ್ಷಿಯಲ್ ಸ್ಟ್ರೀಟ್‌ನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುವ 35 ವರ್ಷದ ಯುವಕನೊಬ್ಬನಿದ್ದಾನೆ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಏಳುತ್ತಲೇ ತಲೆಯ ಹಿಂಭಾಗದಲ್ಲಿ ನೋವು. ವಾಂತಿಯಾದರೆ ಸ್ವಲ್ಪ ಹಾಯೆನಿಸುತ್ತದೆ. ಮನೆಯವರು ಪಿತ್ತವೆಂದು ಜೀರಿಗೆ ಕಷಾಯ ಮಾಡಿಕೊಡುತ್ತಾರೆ. ಕೆಲವು ವಾರ ಕಳೆಯುವಷ್ಟರಲ್ಲಿ ಏಣಿ ಹತ್ತಿ ಬಟ್ಟೆಯ ಕಟ್ಟು ಇಳಿಸುವಾಗ ಕಾಲು ತಡವರಿಸತೊಡಗುತ್ತದೆ. ಸಂಜೆಯ ಜನಜಂಗುಳಿಯಲ್ಲಿ ಆತ ತೂರಾಡುತ್ತಾ ನಡೆಯುವುದನ್ನು ಕಂಡವರು 'ಕುಡಿತ ಕಲಿತನೇನೋ' ಎನ್ನುತ್ತಾರೆ.

ಇದು ಪಿತ್ತವೂ ಅಲ್ಲ, ಕುಡಿತವೂ ಅಲ್ಲ. ಇಂಥ ಲಕ್ಷಣಗಳ ಹಿಂದೆ ಅಪರೂಪಕ್ಕೆ ತಲೆಬುರುಡೆಯೊಳಗಿನ ರಕ್ತನಾಳದ ಗಡ್ಡೆ ಅಡಗಿರುತ್ತದೆ. ವೈದ್ಯರು ಇದನ್ನು 'ಹೀಮ್ಯಾಂಜಿಯೋಬ್ಲಾಸ್ಟೋಮಾ' ಎನ್ನುತ್ತಾರೆ.

ಏನಿದು?

ಸೂಕ್ಷ್ಮ ರಕ್ತನಾಳಗಳು ದಟ್ಟವಾಗಿ ಹೆಣೆದುಕೊಂಡು ಬೆಳೆಯುವ ಗಡ್ಡೆ ಇದು. ಮಿದುಳಿನ ಗಡ್ಡೆಗಳಲ್ಲಿ 100ಕ್ಕೆ ಸುಮಾರು 2 ಮಾತ್ರ ಈ ಬಗೆಯವು. ಇದು ಕ್ಯಾನ್ಸರ್ ಅಲ್ಲ, ನಿಧಾನವಾಗಿ ಬೆಳೆಯುತ್ತದೆ. ಅಮೆರಿಕದ ವೈದ್ಯರಾದ ಹಾರ್ವೆ ಕುಶಿಂಗ್ ಮತ್ತು ಪರ್ಸಿವಲ್ ಬೈಲಿ 1928ರಲ್ಲಿ ಮಿದುಳಿನ ರಕ್ತನಾಳದ ಗಡ್ಡೆಗಳ ಬಗ್ಗೆ ಗ್ರಂಥವೊಂದನ್ನು ಪ್ರಕಟಿಸಿದರು.

ಕ್ಯಾನ್ಸರ್ ಅಲ್ಲವೆಂದ ಮೇಲೆ ಅಪಾಯವೇನು? ಅಪಾಯವಿರುವುದು ಅದು ಕುಳಿತ ಜಾಗದಲ್ಲಿ. ಈ ಗಡ್ಡೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ದೇಹದ ಸಮತೋಲನ ಕಾಯುವ ಕಿರುಮೆದುಳಿನಲ್ಲಿ. ಗಂಟು ಕಡಲೆಕಾಳಿನಷ್ಟೇ ಇದ್ದರೂ ಅದರ ಪಕ್ಕದಲ್ಲಿ ದೊಡ್ಡ ನೀರುಗುಳ್ಳೆ ಬೆಳೆಯಬಹುದು. ಈ ಗುಳ್ಳೆ ಹಿಗ್ಗಿ ಮಿದುಳಿನ ದ್ರವ ಹರಿಯುವ ದಾರಿಗೆ ಅಡ್ಡ ಬಂದರೆ ತಲೆಯೊಳಗಿನ ಒತ್ತಡ ಏರುತ್ತದೆ. ಆಗಲೇ ತಲೆನೋವು, ವಾಂತಿ, ಮಂಜುಗಣ್ಣು. ರೋಗಿಗೆ ಇದ್ದಕ್ಕಿದ್ದಂತೆ ಮಂಪರು ಕವಿದರೆ ಒಂದು ಗಂಟೆಯನ್ನೂ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು.

ಚಿಕಿತ್ಸೆ ಹೇಗೆ?

ಎಂ.ಆರ್.ಐ. ಪರೀಕ್ಷೆಯಲ್ಲಿ ಗಡ್ಡೆ ಸ್ಪಷ್ಟವಾಗಿ ಕಾಣುತ್ತದೆ. ತೊಂದರೆ ಕೊಡುತ್ತಿರುವ ಗಡ್ಡೆಗೆ ಶಸ್ತ್ರಚಿಕಿತ್ಸೆಯೇ ಮುಖ್ಯ ಮದ್ದು. ಬೇರೆ ಗಡ್ಡೆಗಳಂತೆ ಇದನ್ನು ಚೂರುಚೂರಾಗಿ ಕತ್ತರಿಸಿ ತೆಗೆಯುವಂತಿಲ್ಲ. ಒಳಗೆ ಕೈಯಿಟ್ಟರೆ ರಕ್ತ ಚಿಮ್ಮುತ್ತದೆ. ಆದ್ದರಿಂದ ಸೂಕ್ಷ್ಮದರ್ಶಕದಡಿಯಲ್ಲಿ ಗಡ್ಡೆಗೆ ರಕ್ತ ತರುವ ನಾಳಗಳನ್ನು ಒಂದೊಂದಾಗಿ ಮುಚ್ಚುತ್ತಾ, ಅದನ್ನು ಸುತ್ತಲಿಂದ ಬಿಡಿಸಿ, ರಕ್ತ ಹೊರಗೊಯ್ಯುವ ನಾಳವನ್ನು ಕೊನೆಯಲ್ಲಿ ಮುಚ್ಚಿ ಇಡಿಯಾಗಿ ಹೊರತೆಗೆಯುತ್ತಾರೆ. ಗಂಟು ತೆಗೆದರೆ ನೀರುಗುಳ್ಳೆ ತಾನಾಗಿಯೇ ಕುಗ್ಗುತ್ತದೆ. ಒಂಟಿ ಗಡ್ಡೆ ಪೂರ್ತಿಯಾಗಿ ಹೊರಬಂದರೆ ಸಾಮಾನ್ಯವಾಗಿ ರೋಗ ಗುಣವಾದಂತೆಯೇ.

ಸಣ್ಣ, ನೀರುಗುಳ್ಳೆಯಿಲ್ಲದ ಗಡ್ಡೆಗಳಿಗೆ 'ಗಾಮಾ ನೈಫ್' ಇನ್ನೊಂದು ದಾರಿ. ಹೆಸರಿನಲ್ಲಿ ಚಾಕುವಿದ್ದರೂ ಇಲ್ಲಿ ಕೊಯ್ಯುವುದಿಲ್ಲ. ಸುಮಾರು 200 ವಿಕಿರಣ ಕಿರಣಗಳನ್ನು ಒಂದೇ ಬಿಂದುವಿಗೆ ಹಾಯಿಸಿ ಗಡ್ಡೆಯ ಬೆಳವಣಿಗೆಯನ್ನು ತಡೆಯುತ್ತಾರೆ. ಇದರ ಪರಿಣಾಮ ನಿಧಾನ. ತಲೆಯೊಳಗಿನ ಒತ್ತಡ ಕೂಡಲೇ ಇಳಿಯಬೇಕಾದಾಗ ಇದು ಸಾಲದು. ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ನರಶಸ್ತ್ರಚಿಕಿತ್ಸೆಯ ಜೊತೆಗೆ ಈ ಸೌಲಭ್ಯವೂ ಇದೆ.

ಮನೆಮಂದಿಯ ತಪಾಸಣೆ

ಇಷ್ಟಕ್ಕೇ ಮುಗಿಯಲಿಲ್ಲ. ಈ ಗಡ್ಡೆಯಿರುವ ಸುಮಾರು ನಾಲ್ವರಲ್ಲಿ ಒಬ್ಬರಿಗೆ 'ವಾನ್ ಹಿಪ್ಪೆಲ್–ಲಿಂಡೌ' ಎಂಬ ವಂಶಪಾರಂಪರ್ಯ ಕಾಯಿಲೆ ಇರುತ್ತದೆ. ಇದಕ್ಕೆ ಕಾರಣವಾದ ವಂಶವಾಹಿಯನ್ನು 1993ರಲ್ಲಿ ಗುರುತಿಸಲಾಯಿತು. ತಂದೆ ಅಥವಾ ತಾಯಿಗೆ ಈ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಇಂಥವರಲ್ಲಿ ಕಣ್ಣಿನ ಅಕ್ಷಿಪಟಲ, ಬೆನ್ನುಹುರಿ, ಮೂತ್ರಪಿಂಡ, ಮೇದೋಜೀರಕಾಂಗ ಮತ್ತು ಅಡ್ರಿನಲ್ ಗ್ರಂಥಿಗಳಲ್ಲೂ ಗಡ್ಡೆಗಳು ಬೆಳೆಯಬಹುದು. ಮೂತ್ರಪಿಂಡದ ಗಡ್ಡೆ ಕ್ಯಾನ್ಸರ್ ಆಗಿರಬಹುದು. ಅಡ್ರಿನಲ್ ಗಡ್ಡೆ ಗೊತ್ತಾಗದೆ ಉಳಿದರೆ ಅರಿವಳಿಕೆ ಕೊಟ್ಟಾಗ ರಕ್ತದೊತ್ತಡ ಅಪಾಯಕಾರಿಯಾಗಿ ಏರಬಹುದು. ಆದ್ದರಿಂದ ಈ ಕಾಯಿಲೆಯ ಶಂಕೆಯಿದ್ದರೆ ಶಸ್ತ್ರಚಿಕಿತ್ಸೆಗೆ ಮುನ್ನವೇ ರಕ್ತ ಅಥವಾ ಮೂತ್ರ ಪರೀಕ್ಷೆಯಿಂದ ಅದನ್ನು ಪತ್ತೆ ಮಾಡಬೇಕು.

ಮನೆಯಲ್ಲಿ ಯಾರಿಗಾದರೂ ಎಳೆವಯಸ್ಸಿನಲ್ಲೇ ದೃಷ್ಟಿ ಹೋಗಿತ್ತೇ? ಮೂತ್ರಪಿಂಡದ ಗಡ್ಡೆಯಾಗಿತ್ತೇ? ನೆನಪಿರುವುದನ್ನೆಲ್ಲ ವೈದ್ಯರಿಗೆ ತಿಳಿಸಿ. ಅಂಥ ಇತಿಹಾಸ ಇಲ್ಲದವರಲ್ಲೂ ಈ ದೋಷ ಹೊಸದಾಗಿ ಮೂಡಬಹುದು ಎಂಬುದೂ ತಿಳಿದಿರಲಿ. ಇಂಥ ರೋಗಿಗಳಲ್ಲಿ ಕೂಡಲೇ ಶಸ್ತ್ರಚಿಕಿತ್ಸೆ ಬೇಡವಾದ ಗಡ್ಡೆಗಳಿಗೆ 'ಬೆಲ್ಜುಟಿಫಾನ್' ಎಂಬ ಮಾತ್ರೆಯನ್ನು ಅಮೆರಿಕ 2021ರಲ್ಲಿ ಅಂಗೀಕರಿಸಿತು. ರಕ್ತಹೀನತೆ ಇದರ ಮುಖ್ಯ ಅಡ್ಡಪರಿಣಾಮ. ಗರ್ಭಿಣಿಯರಿಗಂತೂ ಇದು ಸಲ್ಲದು.

ತಲೆನೋವೆಲ್ಲ ಗಡ್ಡೆಯಲ್ಲ, ಬಹುಪಾಲು ತಲೆನೋವಿನ ಕಾರಣ ಸಾಮಾನ್ಯವಾದುದೇ. ಆದರೆ ಬೆಳಗಿನ ತಲೆನೋವಿನೊಂದಿಗೆ ವಾಂತಿ, ನಡಿಗೆಯಲ್ಲಿ ತೂರಾಟ ಸೇರಿಕೊಂಡರೆ ಕಷಾಯ ಕುಡಿಯುತ್ತಾ ದಿನ ದೂಡಬೇಡಿ. ಕಮರ್ಷಿಯಲ್ ಸ್ಟ್ರೀಟ್‌ನ ಆ ಯುವಕನಿಗೆ ಶಿವಾಜಿನಗರದ ಬೌರಿಂಗ್ ಆಸ್ಪತ್ರೆ ಹತ್ತಿರದಲ್ಲೇ ಇದೆ. ನಿಮ್ಮೂರಿನಲ್ಲಿ ಯಾವುದು ಹತ್ತಿರವೋ ಅಲ್ಲಿಗೆ ಮೊದಲು ಹೋಗಿ. ತೂರಾಡುವವನನ್ನು ಕಂಡು ಆಡಿಕೊಳ್ಳುವ ಬದಲು ಕೈಹಿಡಿದು ವೈದ್ಯರ ಬಳಿ ಕರೆದೊಯ್ದರೆ ಒಂದು ಜೀವ ಉಳಿದೀತು.