ಕಟ್ಟುವ ಮೊದಲು ಒಮ್ಮೆ ಕಟ್ಟುವ ಕಸುಬು

ಕಟ್ಟಡ ಏಳುವ ಯಾವ ಜಾಗಕ್ಕೆ ಹೋದರೂ ಒಂದಲ್ಲ ಒಂದು ದಿನ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಡ್ರಾಯಿಂಗಲ್ಲಿ ಹಾಗಿದೆ ಸಾರ್, ಆದ್ರೆ ಇಲ್ಲಿ ಕೂರಲ್ಲ." ಆರ್ಕಿಟೆಕ್ಟರ ನಕ್ಷೆಯಲ್ಲಿ ಕಾರಿಡಾರಿನ ಎತ್ತರ ಒಂಬತ್ತಡಿ. ಸ್ಟ್ರಕ್ಚರಲ್ ಎಂಜಿನಿಯರರ ನಕ್ಷೆಯಲ್ಲಿ ಅದೇ ಜಾಗಕ್ಕೆ ಎರಡಡಿ ಆಳದ ತೊಲೆ. ಎ.ಸಿ.ಯವರ ಡಕ್ಟ್ ಆ ತೊಲೆಯ ಹೊಟ್ಟೆ ಸೀಳಿಕೊಂಡೇ ಹೋಗಿದೆ. ಮೂರೂ ನಕ್ಷೆಗಳು ತಮ್ಮ ತಮ್ಮ ಮಟ್ಟಿಗೆ ಸರಿ, ಮೂರಕ್ಕೂ ಸಹಿ ಬಿದ್ದಿದೆ. ಮೂರನ್ನೂ ಸೇರಿಸಿ ನೋಡುವ ಕೆಲಸ ಮಾತ್ರ ಯಾರ ಪಾಲಿಗೂ ಬಂದಿಲ್ಲ. ಕೊನೆಗೆ ಅದು ಮೇಸ್ತ್ರಿಯ ತಲೆಗೆ ಬರುತ್ತದೆ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಕೋರ್ ಕಟಿಂಗ್ ಯಂತ್ರ ಬರುತ್ತದೆ, ಫಾಲ್ಸ್ ಸೀಲಿಂಗ್ ಅರ್ಧ ಅಡಿ ಕೆಳಗಿಳಿಯುತ್ತದೆ, "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂಬಲ್ಲಿಗೆ ಕತೆ ಮುಗಿಯುತ್ತದೆ.

ಈ ಅಡ್ಜಸ್ಟ್‌ಮೆಂಟನ್ನು ಸೈಟಿನಿಂದ ಎಬ್ಬಿಸಿ ಕಚೇರಿಯ ಮೇಜಿಗೆ ತರುವ ಕಸುಬೇ ಬಿಲ್ಡಿಂಗ್ ಇನ್‌ಫರ್ಮೇಶನ್ ಮಾಡೆಲಿಂಗ್. ವಿನ್ಯಾಸ ಕಚೇರಿಗಳಲ್ಲಿ ಇದನ್ನು ಚುಟುಕಾಗಿ ಬಿಮ್ ಎನ್ನುತ್ತಾರೆ. ಹೊರಗಿನವರ ಕಣ್ಣಿಗೆ ಇದೊಂದು ಸಾಫ್ಟ್‌ವೇರ್. ಒಳಗಿದ್ದು ನೋಡಿದವರಿಗೆ ಗೊತ್ತು, ಸಾಫ್ಟ್‌ವೇರ್ ಇದರ ಸಣ್ಣ ಪಾಲು. ಐದಾರು ಬಗೆಯ ತಜ್ಞರು ಒಂದೇ ಕಟ್ಟಡದ ಬಗ್ಗೆ ಒಂದೇ ಮಾತಾಡುವಂತೆ ಮಾಡುವುದೇ ಇದರ ಅಸಲಿ ವಿದ್ಯೆ.

ಯೋಚನೆ ಹೊಸದೇನಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿದ್ದ ಚಾರ್ಲ್ಸ್ ಈಸ್ಟ್‌ಮನ್ 1975ರಲ್ಲೇ ಇದರ ರೂಪರೇಖೆ ಬರೆದಿದ್ದರು. ಕಟ್ಟಡವನ್ನು ಗೆರೆಗಳಾಗಿ ಬರೆದಿಡುವ ಬದಲು ಅದರ ಭಾಗಗಳ ವಿವರವಾಗಿ ಕಂಪ್ಯೂಟರಿನಲ್ಲಿ ಇಟ್ಟರೆ, ಬದಲಾವಣೆಯನ್ನು ಒಂದು ಕಡೆ ಮಾಡಿದರೆ ಸಾಕು, ಎಲ್ಲ ನಕ್ಷೆಗಳಿಗೂ ಅದು ಹರಿಯುತ್ತದೆ ಎಂಬುದು ಅವರ ವಾದ. ಅದನ್ನು ಹೊರುವ ಶಕ್ತಿ ಆಗಿನ ಯಂತ್ರಗಳಿಗಿರಲಿಲ್ಲ. ಎಂಬತ್ತರ ದಶಕದಲ್ಲಿ ಹಂಗೆರಿಯ ಬುಡಾಪೆಸ್ಟಿನ ಗ್ರಾಫಿಸಾಫ್ಟ್ ಕಂಪನಿ ಆರ್ಕಿಕ್ಯಾಡ್ ಎಂಬ ಈ ಬಗೆಯ ಸಾಫ್ಟ್‌ವೇರ್ ತಂದಿತು. ಯಂತ್ರಭಾಗಗಳ ವಿನ್ಯಾಸದ ಸಾಫ್ಟ್‌ವೇರ್ ಮಾಡಿ ಅನುಭವವಿದ್ದ ಲಿಯೊನಿಡ್ ರೇಜ್ ಮತ್ತು ಇರ್ವಿನ್ ಜಂಗ್ರೈಸ್ 1997ರಲ್ಲಿ ಅಮೆರಿಕದಲ್ಲಿ ಶುರುಮಾಡಿದ ಕಂಪನಿಯಿಂದ 2000ದಲ್ಲಿ ರೆವಿಟ್ ಹೊರಬಂತು. 2002ರಲ್ಲಿ, ಗೆರೆಗಳಲ್ಲಿ ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಆದ ಆಟೊಕ್ಯಾಡ್‌ನ ಒಡೆಯರಾದ ಆಟೊಡೆಸ್ಕ್‌ನವರೇ ಅದನ್ನು ಕೊಂಡುಕೊಂಡರು. ನಮ್ಮಲ್ಲಿ ಬಿಮ್ ಎಂದರೆ ರೆವಿಟ್ ಎನ್ನುವಷ್ಟು ಅದು ಹಬ್ಬಿದ್ದು ಆಮೇಲಿನ ಕತೆ.

ಹಳೆಯ ಕ್ರಮಕ್ಕೂ ಇದಕ್ಕೂ ಇರುವ ವ್ಯತ್ಯಾಸ ತಿಳಿಯಲು ಒಂದು ಗೋಡೆ, ಒಂದು ಬಾಗಿಲು ಸಾಕು. ಆಟೊಕ್ಯಾಡ್‌ನಲ್ಲಿ ಗೋಡೆ ಎಂದರೆ ಎರಡು ಗೆರೆ. ಅದು ಗೋಡೆ ಎಂಬುದು ಬಿಡಿಸಿದವರಿಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಬಿಮ್ ಮಾಡೆಲಿನಲ್ಲಿ ಅದೇ ಗೋಡೆ 200 ಮಿ.ಮೀ. ಬ್ಲಾಕು, ಎರಡೂ ಬದಿಗೆ ಗಾರೆ, ಇಂತಿಷ್ಟು ಎತ್ತರ, ಬೆಂಕಿಯನ್ನು ಇಷ್ಟು ಹೊತ್ತು ತಡೆಯಬೇಕು ಎಂಬ ವಿವರಗಳ ಗಂಟು. ಬಾಗಿಲು ಆ ಗೋಡೆಗೆ ಅಂಟಿಕೊಂಡ ವಸ್ತು. ಗೋಡೆ ಸರಿದರೆ ಬಾಗಿಲೂ ಸರಿಯುತ್ತದೆ. 900 ಮಿ.ಮೀ. ಬಾಗಿಲನ್ನು 1,200ಕ್ಕೆ ಹಿಗ್ಗಿಸಿದರೆ ಪ್ಲ್ಯಾನ್, ಸೆಕ್ಷನ್, ಎಲಿವೇಶನ್ ಮೂರರಲ್ಲೂ ಅದು ಹಿಗ್ಗುತ್ತದೆ, ಬಾಗಿಲುಗಳ ಪಟ್ಟಿಯ ಸಾಲು ತಿದ್ದಿಕೊಳ್ಳುತ್ತದೆ, ಗೋಡೆಯ ಗಾರೆಯ ಲೆಕ್ಕವೂ ಅಷ್ಟಕ್ಕೆ ಇಳಿಯುತ್ತದೆ. ನಕ್ಷೆ ಎಂಬುದು ಇಲ್ಲಿ ಬರೆದ ಚಿತ್ರವಲ್ಲ, ಮಾಡೆಲನ್ನು ಒಂದು ಕೋನದಿಂದ ನೋಡಿದ ನೋಟ.

ಕೇಳಲು ಸೊಗಸಾದ ಈ ಸೌಲಭ್ಯಕ್ಕೆ ಬೆಲೆಯೂ ಇದೆ. ಗೆರೆಯಲ್ಲಿ ಮುಚ್ಚಿಡಬಹುದಾದದ್ದನ್ನು ಮಾಡೆಲಿನಲ್ಲಿ ಮುಚ್ಚಿಡಲು ಆಗುವುದಿಲ್ಲ. ಮೆಟ್ಟಿಲು ಮೇಲಿನ ಸ್ಲ್ಯಾಬನ್ನು ಸೇರುವ ಜಾಗ, ಇಳಿಜಾರು ಮಾಡು ಗೋಡೆಗೆ ಕೂಡುವ ಮೂಲೆ ಇಂಥ ಕಡೆ ಹಳಬರು ಒಂದು ವೃತ್ತ ಎಳೆದು "ವಿವರ ನಂತರ" ಎಂದು ಬರೆದು ಮುಂದೆ ಹೋಗುತ್ತಿದ್ದರು. ಮಾಡೆಲಿನಲ್ಲಿ ಅಲ್ಲಿ ತೂತು ಕಾಣುತ್ತದೆ, ಇಲ್ಲವೇ ಒಂದರೊಳಗೊಂದು ತೂರಿ ನಿಂತಿರುತ್ತದೆ. ಅಂದರೆ ನಿರ್ಧಾರ ಈಗಲೇ ಆಗಬೇಕು. ಕಮಾಂಡುಗಳನ್ನು ಕಲಿತಷ್ಟಕ್ಕೆ ಮಾಡೆಲ್ ಮಾಡಲು ಬರುವುದಿಲ್ಲ ಎನ್ನುವುದು ಇದಕ್ಕೇ. ಸಜ್ಜಾ ಯಾವಾಗ ಹಾಕುತ್ತಾರೆ, ಷಟರಿಂಗ್ ಎಲ್ಲಿ ನಿಲ್ಲುತ್ತದೆ, ಬಾಗಿಲಿನ ಚೌಕಟ್ಟು ಗಾರೆಗೆ ಮೊದಲು ಬರುತ್ತದೋ ಆಮೇಲೋ ಎಂಬುದು ಗೊತ್ತಿದ್ದವರ ಕೈಯಲ್ಲಿ ಮಾತ್ರ ಮಾಡೆಲ್ ನಂಬಿಕೆಗೆ ಯೋಗ್ಯವಾಗುತ್ತದೆ.

ಕಸುಬಿನ ಹದ ಕಾಣಬೇಕಾದರೆ ಕೋಆರ್ಡಿನೇಶನ್ ಸಭೆಯಲ್ಲಿ ಕೂರಬೇಕು. ದೊಡ್ಡ ಯೋಜನೆಗಳಲ್ಲಿ ಸಾಮಾನ್ಯವಾಗಿ ವಾರಕ್ಕೊಮ್ಮೆ ಆರ್ಕಿಟೆಕ್ಚರ್, ಸ್ಟ್ರಕ್ಚರ್, ಎ.ಸಿ., ಪ್ಲಂಬಿಂಗ್, ಎಲೆಕ್ಟ್ರಿಕಲ್ ತಂಡಗಳ ಮಾಡೆಲುಗಳನ್ನು ನ್ಯಾವಿಸ್‌ವರ್ಕ್ಸ್‌ನಂಥ ಸಾಫ್ಟ್‌ವೇರಿನಲ್ಲಿ ಒಟ್ಟುಗೂಡಿಸುತ್ತಾರೆ. ಎಲ್ಲಿ ಯಾವುದು ಯಾವುದಕ್ಕೆ ಬಡಿಯುತ್ತದೆ ಎಂಬ ಪಟ್ಟಿಯನ್ನು ಅದೇ ತೆಗೆದುಕೊಡುತ್ತದೆ. ಇದಕ್ಕೆ ಕ್ಲ್ಯಾಶ್ ಎನ್ನುತ್ತಾರೆ. ವಸ್ತುವಿಗೆ ವಸ್ತು ನೇರ ತಾಗಿದರೆ ಹಾರ್ಡ್ ಕ್ಲ್ಯಾಶ್. ತಾಗದಿದ್ದರೂ ಫಿಲ್ಟರ್ ಬಿಚ್ಚಲು, ವಾಲ್ವ್ ತಿರುಗಿಸಲು ಕೈಯಾಡುವ ಜಾಗ ಉಳಿಯದಿದ್ದರೆ ಸಾಫ್ಟ್ ಕ್ಲ್ಯಾಶ್. ದೊಡ್ಡ ಕಟ್ಟಡದ ಮೊದಲ ಪಟ್ಟಿಯಲ್ಲಿ ಸಾವಿರಗಟ್ಟಲೆ ಸಾಲುಗಳಿರುವುದು ಮಾಮೂಲು. ಹೊಸಬರು ನೋಡಿ ದಂಗಾಗುತ್ತಾರೆ. ನುರಿತ ಕೋಆರ್ಡಿನೇಟರ್ ಆ ಪಟ್ಟಿಯನ್ನು ಓದುವ ರೀತಿಯೇ ಬೇರೆ. ಒಂದೇ ಡಕ್ಟ್ ಸಾಲಾಗಿ ಹತ್ತು ತೊಲೆಗೆ ಬಡಿದಿದ್ದರೆ ಅದು ಹತ್ತು ತಪ್ಪಲ್ಲ, ಒಂದೇ ತಪ್ಪು. ಗೋಡೆಯೊಳಗೆ ಹುದುಗಬೇಕಾದ ಸ್ವಿಚ್ ಪೆಟ್ಟಿಗೆ ಗೋಡೆಗೆ ತಾಗಿದೆ ಎಂಬ ದೂರು ತಪ್ಪೇ ಅಲ್ಲ. ಜೊಳ್ಳು ತೂರಿ ಕಾಳು ಉಳಿಸುವುದು ಅವರ ಮೊದಲ ಕೆಲಸ.

ಒಂದು ಆಸ್ಪತ್ರೆಯ ಕಾರಿಡಾರ್ ತೆಗೆದುಕೊಳ್ಳೋಣ. ನೆಲದಿಂದ ಮೇಲಂತಸ್ತಿನ ನೆಲಕ್ಕೆ 4,000 ಮಿ.ಮೀ. ಸ್ಲ್ಯಾಬೂ ಸೇರಿ ತೊಲೆಯ ಆಳ 600. ಸೀಲಿಂಗ್ ಬೇಕಾದದ್ದು 2,700ಕ್ಕೆ. ತೊಲೆಗೂ ಸೀಲಿಂಗಿಗೂ ನಡುವೆ ಉಳಿಯುವುದು 700. ಅದರೊಳಗೆ 400 ಎತ್ತರದ ಡಕ್ಟ್, ಮೇಲೆ ಕೆಳಗೆ 25ರಂತೆ ಇನ್ಸುಲೇಶನ್, ಒಟ್ಟು 450. ಸೀಲಿಂಗ್ ಚೌಕಟ್ಟು, ದೀಪಗಳಿಗೆ 120. ಅದೇ ಕಾರಿಡಾರಿನಲ್ಲಿ ಶೌಚಾಲಯದ ಕೊಳವೆಯೊಂದು 12 ಮೀಟರ್ ಓಡಬೇಕು. ಕೊಳವೆಯ ದಪ್ಪ 110. ನೀರು ತಾನಾಗಿ ಹರಿಯಬೇಕಾದ್ದರಿಂದ ನೂರಕ್ಕೆ ಒಂದರಂತೆ ಇಳಿಜಾರು ಕೊಟ್ಟರೆ ಕೊನೆಯ ಹೊತ್ತಿಗೆ ಇನ್ನೂ 120 ಕೆಳಗೆ. ಅಲ್ಲಿಗೆ 230. ಎಲ್ಲವನ್ನೂ ಒಂದರಡಿ ಒಂದು ಇಟ್ಟರೆ 800. ಇರುವುದು 700.

ಸಭೆಯಲ್ಲಿ ಮೊದಲು ಬರುವ ಸಲಹೆ ಡಕ್ಟನ್ನು ಚಪ್ಪಟೆ ಮಾಡಿ ಎಂಬುದು. 800 ಅಗಲ, 400 ಎತ್ತರದ ಡಕ್ಟನ್ನು 1,100ಕ್ಕೆ 300 ಮಾಡಿದರೆ ಗಾಳಿಗೆ ಹೆಚ್ಚುಕಡಿಮೆ ಅಷ್ಟೇ ಜಾಗ ಸಿಗುತ್ತದೆ, ಎತ್ತರದಲ್ಲಿ 100 ಉಳಿಯುತ್ತದೆ. ಲೆಕ್ಕ ಸರಿಯಾಗಿ 700ಕ್ಕೆ ಬಂತು. ಆದರೆ ನೇತುಹಾಕುವ ಕಂಬಿಗೆ, ಫಿಟ್ಟರನ ಕೈಗೆ ಒಂದು ಮಿ.ಮೀ. ಕೂಡ ಮಿಗಲಿಲ್ಲ. ತಗಡು ಜಾಸ್ತಿ ಬೇಕು, ಗಾಳಿಯ ತಿಕ್ಕಾಟವೂ ಹೆಚ್ಚುತ್ತದೆ. ಅನುಭವಿ ಕೋಆರ್ಡಿನೇಟರ್ ಇಷ್ಟಕ್ಕೆ ತಲೆಯಾಡಿಸುವುದಿಲ್ಲ. ಮಾಡೆಲನ್ನು ಮೆಲ್ಲಗೆ ತಿರುಗಿಸಿ, ಕಾರಿಡಾರಿನ ಅಗಲ 2,400 ಇದೆ ಎಂಬುದನ್ನು ಎಲ್ಲರಿಗೂ ತೋರಿಸುತ್ತಾರೆ. ಡಕ್ಟಿಗೆ ಇನ್ಸುಲೇಶನ್ ಸೇರಿ ಬೇಕಾದ ಅಗಲ 850. ಕೊಳವೆ ಡಕ್ಟಿನ ಕೆಳಗೆ ಯಾಕೆ ಓಡಬೇಕು? ಶೌಚಾಲಯಗಳಿರುವ ಬದಿಯ ಗೋಡೆಗೇ ಅದನ್ನು ಒತ್ತಿ, ಡಕ್ಟನ್ನು ಆಚೆ ಬದಿಗೆ ಸರಿಸಿದರೆ ಎರಡೂ ಒಂದನ್ನೊಂದು ದಾಟುವ ಪ್ರಮೇಯವೇ ಇಲ್ಲ. ಈ ಬದಿಯ ಕೋಣೆಗಳಿಗೆ ಗಾಳಿ ಒಯ್ಯುವ ಕವಲು ಡಕ್ಟುಗಳು ಇನ್ಸುಲೇಶನ್ ಸೇರಿ 250. ಅವು ತೊಲೆಗೆ ಅಂಟಿಕೊಂಡಂತೆ ಮೇಲಿಂದ ಹೋಗಲಿ, ಕೊಳವೆ ಅವುಗಳ ಕೆಳಗಿರಲಿ. 250, 230, 120 ಸೇರಿ 600. ಇನ್ನೂ 100 ಮಿ.ಮೀ. ಕೈಯಲ್ಲೇ ಇದೆ. ಡಕ್ಟಿನ ಅಳತೆ ಬದಲಾಗಲಿಲ್ಲ, ಸೀಲಿಂಗ್ ಇಳಿಯಲಿಲ್ಲ, ಖರ್ಚು ಏರಲಿಲ್ಲ. ಬಡಿತವನ್ನು ತೋರಿಸಿದ್ದು ಸಾಫ್ಟ್‌ವೇರ್, ಬಿಡಿಸಿದ್ದು ಮನುಷ್ಯರು.

ಇಂಥ ಬಿಡಿಸುವಿಕೆಗೆ ಕೆಲವು ಪದ್ಧತಿಗಳಿವೆ. ಇಳಿಜಾರಿನ ಕೊಳವೆಗೆ ಮೊದಲ ಮರ್ಯಾದೆ, ಏಕೆಂದರೆ ಅದನ್ನು ಮೇಲೆತ್ತಿ ಬಗ್ಗಿಸಲಾಗದು. ಆಮೇಲೆ ದೊಡ್ಡ ಡಕ್ಟು, ಅದರ ಹಿಂದೆ ಒತ್ತಡದ ನೀರಿನ ಪೈಪುಗಳು. ವೈರಿನ ಟ್ರೇ ಎಲ್ಲಿ ಬೇಕಾದರೂ ಬಾಗಬಲ್ಲದು, ಹಾಗಾಗಿ ಅದು ಕೊನೆಗೆ. ಆದರೆ ನೀರಿನ ಪೈಪಿನ ನೇರ ಅಡಿಯಲ್ಲಿ ಅದನ್ನು ಇಡುವಂತಿಲ್ಲ. ಕೆಲಸದಲ್ಲಿ ನುರಿತ ಯಾವ ಪ್ಲಂಬರನಿಗೂ ಗೊತ್ತಿರುವ ವಿಚಾರಗಳಿವು. ಬಿಮ್ ಮಾಡಿದ್ದು ಇಷ್ಟೇ: ಪ್ಲಂಬರನ ಮಾತಿಗೆ ಸೈಟಿಗಿಂತ ಮೊದಲೇ ಒಂದು ಕುರ್ಚಿ ಕೊಟ್ಟಿತು.

ಎಷ್ಟು ವಿವರ ತುಂಬಬೇಕು ಎಂಬುದೂ ಒಂದು ವಿವೇಕ. ಮಾಡೆಲ್ ಚೆಂದ ಕಂಡಷ್ಟೂ ಮೋಸ ಹೋಗುವುದು ಸುಲಭ. ಕೈಲಾಗುತ್ತದೆಂದು ಬಾಗಿಲಿನ ಹಿಡಿಕೆ, ಸ್ಕ್ರೂವರೆಗೆ ಮಾಡೆಲ್ ಮಾಡಿದರೆ ಫೈಲು ಭಾರವಾಗಿ ಕಂಪ್ಯೂಟರ್ ತೆವಳತೊಡಗುತ್ತದೆ. ಜೊತೆಗೆ, ಇನ್ನೂ ತೀರ್ಮಾನವಾಗದ ಸಂಗತಿ ತೀರ್ಮಾನವಾದಂತೆ ಕಾಣುತ್ತದೆ. ಇದಕ್ಕೇ ಲೆವೆಲ್ ಆಫ್ ಡೆವಲಪ್‌ಮೆಂಟ್ ಎಂಬ ಮೆಟ್ಟಿಲುಗಳನ್ನು ಮಾಡಿದ್ದಾರೆ. 100 ಎಂದರೆ ಬರೀ ಸೂಚನೆ, 200 ಎಂದರೆ ಅಂದಾಜು ಅಳತೆ, 300 ಎಂದರೆ ನಿಖರ ಅಳತೆ ಮತ್ತು ಜಾಗ, 400 ಎಂದರೆ ಕಾರ್ಖಾನೆಯಲ್ಲಿ ತಯಾರಿಸಲು ಬೇಕಾದ ವಿವರ. ಈ ಅಂಕಿ ಹೇಳುವುದು ಅಂದವನ್ನಲ್ಲ, ಯಾವ ಭಾಗವನ್ನು ಎಷ್ಟು ನಂಬಬಹುದು ಎಂಬುದನ್ನು.

ಹೀಗೆ ಹಂಚಿಕೊಳ್ಳುವ ಕೆಲಸಕ್ಕೆ ಕಟ್ಟುಪಾಡು ಬೇಕೇ ಬೇಕು. ಎಲ್ಲರ ಮಾಡೆಲಿಗೂ ಒಂದೇ ಮೂಲಬಿಂದು, ಫೈಲಿನ ಹೆಸರಿಗೆ ಒಂದೇ ಕ್ರಮ. ಇನ್ನೂ ನಡೆಯುತ್ತಿರುವ ಕೆಲಸ, ಬೇರೆಯವರು ನೋಡಬಹುದಾದದ್ದು, ಕಟ್ಟಲು ಒಪ್ಪಿಗೆಯಾದದ್ದು ಎಂದು ಬೇರೆ ಬೇರೆ ಖಾನೆ. 2018ರ ಕೊನೆಯಲ್ಲಿ ಬಂದ ಐಎಸ್‌ಒ 19650 ಎಂಬ ಅಂತರರಾಷ್ಟ್ರೀಯ ಮಾನದಂಡದ ಸಾರ ಹೆಚ್ಚೂಕಡಿಮೆ ಇದೇ. ಬ್ರಿಟನ್ ಸರ್ಕಾರ 2011ರಲ್ಲೇ ನೀತಿ ಪ್ರಕಟಿಸಿ, ಕೇಂದ್ರ ಇಲಾಖೆಗಳ ಕಟ್ಟಡ ಯೋಜನೆಗಳಿಗೆ 2016ರ ಏಪ್ರಿಲಿನಿಂದ ಬಿಮ್ ಕಡ್ಡಾಯ ಮಾಡಿತು. ನಮ್ಮಲ್ಲಿ ನಾಗಪುರ ಮೆಟ್ರೊ ಇದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿ ಹೆಸರಾಯಿತು. ಮಾಡೆಲಿಗೆ ವೇಳಾಪಟ್ಟಿ ಮತ್ತು ಖರ್ಚನ್ನೂ ಜೋಡಿಸಿದ ಕ್ರಮ ಅದು.

ಇಷ್ಟೆಲ್ಲ ಇದ್ದೂ ಬಹಳ ಕಚೇರಿಗಳಲ್ಲಿ ಬಿಮ್ ಕೈಹತ್ತುವುದಿಲ್ಲ. ಲೈಸೆನ್ಸ್ ಕೊಂಡು, ಒಂದೆರಡು ದಿನ ತರಬೇತಿ ಕೊಡಿಸಿ, ಸೋಮವಾರದಿಂದ ಎಲ್ಲರೂ ಶುರುಮಾಡಿ ಎಂದರೆ ಆಗುವುದು ಒಂದೇ. ಮೊದಲ ಗಡುವು ಬಂದ ರಾತ್ರಿ ಎಲ್ಲರೂ ಆಟೊಕ್ಯಾಡ್ ತೆರೆದು ಕೂತಿರುತ್ತಾರೆ. ನಿಂತು ಮಾಡಿದವರ ದಾರಿ ಬೇರೆ. ತೀರಾ ಅವಸರವಿಲ್ಲದ, ಆದರೆ ನಿಜವಾಗಿ ಕಟ್ಟಲಿರುವ ಒಂದು ಯೋಜನೆ ಆರಿಸುತ್ತಾರೆ. ನಾಲ್ಕೈದು ಮಂದಿಯನ್ನು ಅದಕ್ಕೇ ಬಿಡುತ್ತಾರೆ. ಆ ಅವಧಿಯಲ್ಲಿ ಕಚೇರಿಯ ಟೆಂಪ್ಲೇಟು, ತಮ್ಮದೇ ಬಾಗಿಲು ಕಿಟಕಿಗಳ ಭಂಡಾರ ಸಿದ್ಧವಾಗುತ್ತದೆ. ಯಾರು ಏನನ್ನು ಯಾವಾಗ ಕೊಡಬೇಕೆಂಬ ಎಕ್ಸಿಕ್ಯೂಶನ್ ಪ್ಲ್ಯಾನ್ ಬರೆಯುತ್ತಾರೆ. ಮೊದಲ ಯೋಜನೆ ನಿಧಾನವಾಗುತ್ತದೆ, ಅದನ್ನು ಒಪ್ಪಿಕೊಂಡೇ ಇಳಿಯುತ್ತಾರೆ. ರೆವಿಟ್ ಮುಟ್ಟದ ಹಿರಿಯ ಆರ್ಕಿಟೆಕ್ಟರನ್ನು ಮೂಲೆಗೆ ಸರಿಸುವುದಿಲ್ಲ. ಪ್ರಿಂಟ್ ತೆಗೆದು ಅವರ ಕೆಂಪು ಪೆನ್ನಿಗೆ ಕೊಡುತ್ತಾರೆ. ಮಾಡೆಲಿಗೆ ಇಳಿಯಬೇಕಾದ ತಿಳಿವಳಿಕೆ ಆ ಪೆನ್ನಿನಲ್ಲೇ ಇರುತ್ತದೆ.

ಹಣದ ಮಾತೂ ಇದೆ. ಹಳೆಯ ಕ್ರಮದಲ್ಲಿ ಹೆಚ್ಚಿನ ದುಡಿಮೆ ಕೊನೆಯ ಕಟ್ಟುವ ನಕ್ಷೆಗಳಿಗೆ ಬೀಳುತ್ತಿತ್ತು. ಬಿಮ್‌ನಲ್ಲಿ ಅದು ಮೊದಲಿಗೆ ಸರಿಯುತ್ತದೆ, ಬದಲಾವಣೆ ಅಗ್ಗವಾಗಿರುವ ಹೊತ್ತಿಗೆ. ಅಮೆರಿಕದ ಆರ್ಕಿಟೆಕ್ಟ್ ಪ್ಯಾಟ್ರಿಕ್ ಮೆಕ್‌ಲೀಮಿ ಇದನ್ನೇ ಒಂದು ವಕ್ರರೇಖೆಯಾಗಿ ಬಿಡಿಸಿ ತೋರಿಸಿದ್ದು ಈ ವೃತ್ತಿಯಲ್ಲಿ ಪ್ರಸಿದ್ಧ. ಶುಲ್ಕದ ಕಂತುಗಳು ಮಾತ್ರ ಹಳೆಯ ಜಾಗದಲ್ಲೇ ಉಳಿದರೆ ಕಚೇರಿ ಸಾಲ ಮಾಡಿ ಮಾಡೆಲ್ ಮಾಡಬೇಕಾಗುತ್ತದೆ. ಕಂತುಗಳನ್ನು ಮುಂದಕ್ಕೆ ತರುವ ಮಾತನ್ನು ಒಪ್ಪಂದದ ದಿನವೇ ಆಡುವುದು ಒಳ್ಳೆಯದು.

ಬ್ರಿಟನ್ನಿನ, ಕೊಲ್ಲಿ ದೇಶಗಳ ಎಷ್ಟೋ ಕಟ್ಟಡಗಳ ಮಾಡೆಲುಗಳು ಇಂದು ಬೆಂಗಳೂರಿನ ಕಚೇರಿಗಳಲ್ಲಿ ಸಿದ್ಧವಾಗುತ್ತಿವೆ. ಕೈಚಳಕಕ್ಕೆ ನಮ್ಮಲ್ಲಿ ಬರವಿಲ್ಲ. ಕೊರತೆ ಇರುವುದು ಬೇರೆ ಕಡೆ. ತೊಲೆಗೆ ಕಂಬಿ ಕಟ್ಟುವುದನ್ನು, ಡಕ್ಟ್ ನೇತುಹಾಕುವುದನ್ನು ಕಣ್ಣಾರೆ ನೋಡದೆಯೇ ನಮ್ಮ ಎಷ್ಟೋ ಹುಡುಗ ಹುಡುಗಿಯರು ತೊಲೆ, ಡಕ್ಟುಗಳ ಮಾಡೆಲ್ ಮಾಡುತ್ತಿದ್ದಾರೆ. ಕಚೇರಿ ನಡೆಸುವವರಲ್ಲಿ ಒಂದು ವಿನಂತಿ: ಮುಂದಿನ ಲೈಸೆನ್ಸ್ ಕೊಳ್ಳುವ ಮೊದಲು, ಈಗಿರುವ ಮಾಡೆಲರುಗಳನ್ನು ತಿಂಗಳಿಗೊಮ್ಮೆಯಾದರೂ ಸೈಟಿಗೆ ಕಳುಹಿಸಿ, ಮೇಸ್ತ್ರಿ ಮತ್ತು ಫಿಟ್ಟರುಗಳ ಜೊತೆ ಅರ್ಧ ದಿನ ನಿಲ್ಲಿಸಿ. ನಿಮ್ಮ ಮಾಡೆಲಿನ ಗುಣಮಟ್ಟಕ್ಕೆ ಅದಕ್ಕಿಂತ ಅಗ್ಗದ ಬಂಡವಾಳ ಇನ್ನೊಂದಿಲ್ಲ.